ವಿಮಾನದ ಬಾಗಿಲು ಮುಚ್ಚುವ ಹೊತ್ತು: ಒಂದು ಪ್ರಕರಣ ಅಧ್ಯಯನ

ಅವರು ಮೊದಲ ಸಲ ನನ್ನ ಬಳಿ ಬಂದಾಗ ಪ್ರಯಾಣಕ್ಕೆ ಒಂಬತ್ತು ವಾರ ಬಾಕಿ ಇತ್ತು. ಮಗಳು ದೂರದ ದೇಶದಲ್ಲಿದ್ದಾಳೆ. ಅವಳಿಗೆ ಚೊಚ್ಚಲ ಹೆರಿಗೆ. ಹೋಗಲೇಬೇಕು. ಮೊದಲು ನಾಲ್ಕು ಗಂಟೆಯ ಒಂದು ವಿಮಾನ, ಆಮೇಲೆ 14 ಗಂಟೆಯ ಇನ್ನೊಂದು. ಟಿಕೆಟ್ ಆದ ರಾತ್ರಿಯಿಂದ ಅವರಿಗೆ ನೆಟ್ಟಗೆ ನಿದ್ದೆ ಬಂದಿರಲಿಲ್ಲ.

ನಾನು ಆಪ್ತಸಮಾಲೋಚಕಿ. ಭಯ, ಆತಂಕದಿಂದ ಕಷ್ಟಪಡುವವರ ಜೊತೆ ಕೆಲಸ ಮಾಡುತ್ತೇನೆ. ಈ ಮಹಿಳೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಹಾಗಾಗಿ ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಬರೆದದ್ದನ್ನು ಓದಿಯೂ ನೋಡಿದ್ದಾರೆ. ಅವರು ಹಾಕಿದ ಷರತ್ತು ಒಂದೇ: "ನಾನು ಧೈರ್ಯವಂತೆ ಅಂತ ಬರೀಬೇಡಿ ಮೇಡಂ. ಏನು ಮಾಡಿದೆ ಅಂತ ಮಾತ್ರ ಬರೀರಿ."

ಹಿನ್ನೆಲೆ

ಟೀಚರ್ ಕೊನೆಯ ಸಲ ವಿಮಾನ ಹತ್ತಿದ್ದು 11 ವರ್ಷದ ಹಿಂದೆ. ಬರೀ ಒಂದು ಗಂಟೆಯ ಪ್ರಯಾಣ. ಬಾಗಿಲು ಹಾಕಿ ಮುಕ್ಕಾಲು ಗಂಟೆಯಾದರೂ ವಿಮಾನ ನೆಲ ಬಿಟ್ಟಿರಲಿಲ್ಲ. ಒಳಗೆ ಸೆಕೆ, ಅವರಿಗೆ ನಡುವಿನ ಸೀಟು, ಎರಡೂ ಪಕ್ಕ ಗೊತ್ತಿಲ್ಲದ ಜನ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಬೆರಳು ಜುಮ್ಮೆಂದವು, ತುಟಿ ಮರಗಟ್ಟಿದ ಹಾಗಾಯಿತು. ಪ್ರಾಣವೇ ಹೋಗುತ್ತಿದೆ ಅಂದುಕೊಂಡರು. ಆದರೆ ಯಾರಿಗೂ ಹೇಳಲಿಲ್ಲ. ಇಳಿದ ಮೇಲೆ ಆಸ್ಪತ್ರೆಗೆ ಹೋದರು, ಎಲ್ಲ ಪರೀಕ್ಷೆ ಆಯಿತು. ವೈದ್ಯರು "ಹೃದಯ ಚೆನ್ನಾಗಿದೆ, ಗಾಬರಿ ಅಷ್ಟೇ" ಅಂದರು.

ಆ "ಅಷ್ಟೇ" ಅನ್ನುವ ಮಾತು ಅವರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಅದಾದ ಮೇಲೆ ಎರಡು ಸಲ ಟಿಕೆಟ್ ಮಾಡಿಸಿ, ಎರಡೂ ಸಲ ಹೊರಡುವ ಮುಂಚೆ ರದ್ದು ಮಾಡಿಸಿದ್ದರು. ರದ್ದು ಮಾಡಿದ ಕೂಡಲೇ ಮೈ ಹಗುರಾಗುತ್ತಿತ್ತಂತೆ. ಈ ಹಗುರವನ್ನು ಗಮನಿಸಬೇಕು. ಭಯವನ್ನು ಸಾಕುವುದೇ ಅದು. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮನಸ್ಸಿಗೆ ಒಂದು ಪಾಠ ಹೇಳಿಕೊಡುತ್ತದೆ: ತಪ್ಪಿಸಿಕೊಂಡಿದ್ದಕ್ಕೇ ಬದುಕಿದೆ, ಮುಂದಿನ ಸಲವೂ ತಪ್ಪಿಸಿಕೋ.

ಮನೆಯಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಏನೇನೋ ಮಾಡಿದ್ದರು. ವಿಮಾನ ಎಷ್ಟು ಸುರಕ್ಷಿತ ಅನ್ನುವ ವಿಡಿಯೋಗಳನ್ನು ಮಗ ಕಳಿಸುತ್ತಿದ್ದ. ಅವನ್ನು ನೋಡಲು ಕೂತವರು ಅಪಘಾತದ ವಿಡಿಯೋಗಳಿಗೆ ಜಾರಿ, ರಾತ್ರಿ ಎರಡು ಗಂಟೆಯವರೆಗೆ ಅದನ್ನೇ ನೋಡುತ್ತಿದ್ದರು. ವಿಮಾನಗಳು ಎಲ್ಲಿ ಹಾರುತ್ತಿವೆ ಅಂತ ತೋರಿಸುವ ಆ್ಯಪ್ ಕೂಡ ಅವರ ಮೊಬೈಲಿನಲ್ಲಿತ್ತು. ಮಗಳ ಊರಿಗೆ ಹೋಗುವ ವಿಮಾನ ದಿನವೂ ಇಳಿಯಿತಾ ಅಂತ ನೋಡಿದ ಮೇಲೆಯೇ ಮಲಗುವುದು.

ನಾನು ಮಾಡಿದ ತಪ್ಪು

ಏನು ಭಯ ಅಂತ ಕೇಳಿದೆ. "ಬಿದ್ದರೆ?" ಅಂದರು. ನಾನು ಅದನ್ನೇ ಹಿಡಿದುಕೊಂಡುಬಿಟ್ಟೆ. ಮೊದಲ ಎರಡು ಭೇಟಿ ಪೂರ್ತಿ ವಿಮಾನದ ಪಾಠದಲ್ಲೇ ಕಳೆಯಿತು.

ಎರಡು ಎಂಜಿನ್‌ನ ವಿಮಾನ ಒಂದೇ ಎಂಜಿನ್‌ನಲ್ಲೂ ಹಾರಿ ಇಳಿಯಬಲ್ಲದು, ಆ ಪರೀಕ್ಷೆ ಪಾಸಾಗದೆ ಅದಕ್ಕೆ ಪರವಾನಗಿಯೇ ಸಿಗುವುದಿಲ್ಲ ಅಂದೆ. 2010ರಲ್ಲಿ ಬೋಯಿಂಗ್ 787ರ ರೆಕ್ಕೆಯನ್ನು ಪರೀಕ್ಷೆ ಮಾಡಿದ್ದನ್ನು ಹೇಳಿದೆ. ಹಾರಾಟದಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಹೊರೆಯ ಒಂದೂವರೆ ಪಟ್ಟು ಹಾಕಿದ್ದರು. ರೆಕ್ಕೆ ಸುಮಾರು 7.6 ಮೀಟರ್ ಮೇಲಕ್ಕೆ ಬಾಗಿತು, ಮುರಿಯಲಿಲ್ಲ. ಗಾಳಿಯ ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ ಅಂತಲೂ ಹೇಳಿದೆ.

ಟೀಚರ್ ಚೌಕುಳಿ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡರು. ಮೂರನೇ ವಾರ ಕೇಳಿದರೆ ಒಂದಂಶವೂ ತಪ್ಪದೆ ಹೇಳಿದರು. ಭಯ ಮಾತ್ರ ಇದ್ದಲ್ಲೇ ಇತ್ತು. "ಇದೆಲ್ಲ ನನಗೆ ಅರ್ಥ ಆಗಿದೆ. ಆದರೂ ಸೂಟ್‌ಕೇಸ್ ನೋಡಿದರೆ ಕೈಕಾಲು ತಣ್ಣಗಾಗುತ್ತೆ" ಅಂದರು. ಅವರ ದನಿಯಲ್ಲಿ ನಾಚಿಕೆಯಿತ್ತು. ಅರ್ಥವಾದರೂ ಭಯ ಹೋಗದಿರುವುದು ತಮ್ಮದೇ ಕುಂದು ಅಂದುಕೊಂಡಿದ್ದರು. ಹಾಗೆ ಅನ್ನಿಸುವಂತೆ ಮಾಡಿದ್ದು ನಾನೇ ಅಂತ ಆಗ ಹೊಳೆಯಿತು. ಒಂಬತ್ತು ವಾರದಲ್ಲಿ ಎರಡು ವಾರ ಹೋಗಿತ್ತು.

95 ಎಲ್ಲಿ ಬಂತು

ಮೂರನೇ ಭೇಟಿಯಲ್ಲಿ ಬೇರೆ ದಾರಿ ಹಿಡಿದೆ. ಕಣ್ಣು ಮುಚ್ಚಿ, ಮನೆಯಿಂದ ಹೊರಟು ಮಗಳ ಮನೆ ಬಾಗಿಲು ತಟ್ಟುವವರೆಗೆ ಒಂದೊಂದೇ ಹೆಜ್ಜೆ ಹೇಳುತ್ತಾ ಹೋಗಿ, ಪ್ರತಿ ಹೆಜ್ಜೆಗೂ ಭಯಕ್ಕೆ 0ಯಿಂದ 100ರವರೆಗೆ ಒಂದು ಅಂಕ ಕೊಡಿ ಅಂದೆ. ಮನೋವೈದ್ಯ ಜೋಸೆಫ್ ವೋಲ್ಪ್ ಬಳಕೆಗೆ ತಂದ ಹಳೆಯ ಅಳತೆ ಅದು. ಗಣಿತದವರಿಗೆ ಅಂಕ ಕೊಡುವುದು ಸಲೀಸು ಅಲ್ವಾ, ಹೇಳುತ್ತಾ ಹೋದರು.

ಮನೆಯಿಂದ ಹೊರಡುವಾಗ 40. ವಿಮಾನ ನಿಲ್ದಾಣದ ಸಾಲಿನಲ್ಲಿ 50. ಸೀಟಿನಲ್ಲಿ ಕೂತಾಗ 70. ಮೇಲೇರುವಾಗ 65. ಗಾಳಿಗೆ ಕುಲುಕುವಾಗ 60.

ನಡುವೆ ಒಂದನ್ನು ಬಿಟ್ಟಿದ್ದರು. ಕೂತದ್ದಕ್ಕೂ ಮೇಲೇರಿದ್ದಕ್ಕೂ ಮಧ್ಯೆ ಏನಾಗುತ್ತದೆ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಬಲಗೈ ತಾನಾಗಿ ಸೆರಗಿನ ಅಂಚು ಹಿಡಿದು ಸುತ್ತತೊಡಗಿತು. ಆಮೇಲೆ ಹೇಳಿದರು: "ಬಾಗಿಲು ಹಾಕ್ತಾರೆ. 95."

ಬೀಳುವ ಭಯಕ್ಕಿಂತ ಬಾಗಿಲು ಹಾಕುವ ಭಯ ದೊಡ್ಡದು! ಹಾಗಾದರೆ ಇಷ್ಟು ದಿನ ಬೀಳುವುದನ್ನೇ ಯಾಕೆ ಹೇಳಿದಿರಿ ಅಂತ ಕೇಳಿದೆ. "ಬೀಳುತ್ತೆ ಅಂದರೆ ಜನಕ್ಕೆ ಅರ್ಥ ಆಗುತ್ತೆ. ಬಾಗಿಲು ಹಾಕಿದರೆ ಉಸಿರು ಕಟ್ಟುತ್ತೆ ಅಂದರೆ ನಗ್ತಾರೆ" ಅಂದರು.

ಅದರ ಕೆಳಗೆ ಇನ್ನೊಂದಿತ್ತು. ಉಸಿರು ಕಟ್ಟಿ, ತಡೆಯಲಾರದೆ, ಎದ್ದು ನಿಂತು "ಬಾಗಿಲು ತೆಗೀರಿ" ಅಂತ ಎಲ್ಲರೆದುರು ಕಿರುಚಿಬಿಟ್ಟರೆ? ಹಾರುವಾಗ ತಾವೇ ಹೋಗಿ ಬಾಗಿಲು ಎಳೆದುಬಿಟ್ಟರೆ? ಒಂದು ನೋಟದಲ್ಲಿ ಇಡೀ ತರಗತಿಯನ್ನು ಸುಮ್ಮನಿರಿಸುತ್ತಿದ್ದವರು ಇವರು. ಇನ್ನೂರು ಮುನ್ನೂರು ಜನರ ನಡುವೆ ತಮ್ಮ ಮೇಲೆ ತಮಗೇ ಹಿಡಿತ ತಪ್ಪುವುದು ಅವರಿಗೆ ಸಾವಿಗಿಂತ ಕೆಟ್ಟದ್ದಾಗಿ ಕಾಣುತ್ತಿತ್ತು. ಹನ್ನೊಂದು ವರ್ಷ ಇದನ್ನು ಗಂಡನ ಹತ್ತಿರವೂ ಹೇಳಿರಲಿಲ್ಲ.

ಎಳೆಯುವ ಮಾತಿಗೆ ಮಾತ್ರ ಅಲ್ಲೇ ಉತ್ತರ ಕೊಟ್ಟೆ. ವಿಮಾನ 10 ಕಿಲೋಮೀಟರ್ ಎತ್ತರದಲ್ಲಿರುವಾಗ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಎಷ್ಟೋ ಜಾಸ್ತಿ. ಬಾಗಿಲನ್ನು ಚೌಕಟ್ಟಿಗೆ ಅದುಮಿ ಹಿಡಿಯುವುದು ಆ ಒತ್ತಡವೇ. ಮನುಷ್ಯರ ಕೈಯಲ್ಲಿ ಅದು ಬರುವುದಿಲ್ಲ. ಕಿರುಚುವ ಭಯಕ್ಕೆ ಮಾತ್ರ ನನ್ನ ಬಳಿ ಇಂಥ ಉತ್ತರ ಇರಲಿಲ್ಲ. ಅದನ್ನು ಅವರೇ ಕೂತು ನೋಡಬೇಕಿತ್ತು.

ಮೆಟ್ಟಿಲು

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಒಂದು ವರದಿ ಬರೆದರು. ಪೀಟರ್ ಅಂತ ಒಬ್ಬ ಪುಟ್ಟ ಹುಡುಗ, ಮೊಲ ಕಂಡರೆ ಹೆದರುತ್ತಿದ್ದ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಆಡಿದ. ಈ ಕಥೆ ಹೇಳಿದಾಗ ಟೀಚರ್ ಮುಖ ಅರಳಿತು. "ಮಗ್ಗಿ ಕಲಿಸೋದೂ ಹಾಗೇ. ಎರಡರದ್ದು ಬರದೆ ಹದಿನೇಳರದ್ದು ಕೇಳಬಾರದು" ಅಂದರು. ತಮ್ಮ ಮೆಟ್ಟಿಲುಗಳನ್ನು ಅವರೇ ಬರೆದರು.

ಮೊದಲ ಮೆಟ್ಟಿಲು ಲಿಫ್ಟ್. ಆಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂರುವುದು. ಆಮೇಲೆ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಚಿಲಕ ಹಾಕಿಕೊಂಡು ಕೂರುವುದು. ಅದಕ್ಕಿಂತ ಮೇಲೆ, ಮೂರು ಕುರ್ಚಿ ಒತ್ತೊತ್ತಾಗಿ ಹಾಕಿ, ಮೊಣಕಾಲಿಗೆ ತಾಗುವಂತೆ ಮುಂದೊಂದು ಕುರ್ಚಿ ಇಟ್ಟು, ವಿಮಾನದೊಳಗಿನ ಸದ್ದು ಕೇಳಿಸಿಕೊಳ್ಳುತ್ತಾ ಒಂದು ಗಂಟೆ.

ಇದರ ಜೊತೆಗೆ ಇನ್ನೊಂದು ಅಭ್ಯಾಸ ಮಾಡಿಸಿದೆ. ಬೇಕೆಂದೇ ಒಂದು ನಿಮಿಷ ಜೋರುಜೋರಾಗಿ ಉಸಿರಾಡುವುದು. ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ತುಟಿ ಮರಗಟ್ಟಿದಂತಾಗುತ್ತದೆ. (ಹೃದಯ ಅಥವಾ ಶ್ವಾಸದ ತೊಂದರೆ, ಮೂರ್ಛೆ ರೋಗ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.) ಟೀಚರ್ ಬೆರಳುಗಳನ್ನೇ ನೋಡುತ್ತಾ ಕೂತರು. "ಅವತ್ತು ಆಗಿದ್ದು ಇದೇ" ಅಂದರು. ಗಾಬರಿಯಲ್ಲಿ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ. ಗಾಳಿ ಸಾಲದೆ ಹೀಗಾಗುತ್ತಿದೆ ಅಂತ ನಮಗೆ ಅನ್ನಿಸುತ್ತದೆ. ಆಗಿರುವುದು ಅದರ ಉಲ್ಟಾ. ಹನ್ನೊಂದು ವರ್ಷದಿಂದ ಹೃದಯದ ಲೆಕ್ಕಕ್ಕೆ ಬರೆದಿಟ್ಟಿದ್ದ ಒಂದು ಅನುಭವ ಅವತ್ತು ಉಸಿರಿನ ಲೆಕ್ಕಕ್ಕೆ ಬಂತು.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿಕೊಂಡರು. ಎಡಕ್ಕೆ "ಆಗುತ್ತೆ ಅಂದುಕೊಂಡದ್ದು", ಬಲಕ್ಕೆ "ಆದದ್ದು". ಲಿಫ್ಟಿನ ಮೊದಲ ದಿನದ ಸಾಲು ನನಗೆ ಇನ್ನೂ ನೆನಪಿದೆ. ಎಡಕ್ಕೆ "ಕಿರುಚುತ್ತೇನೆ". ಬಲಕ್ಕೆ "ಬೆವರಿದೆ. ನಾಲ್ಕನೇ ಮಹಡಿ ಬಂತು."

ಎರಡು ವಾರ ಚೆನ್ನಾಗಿ ನಡೆಯಿತು. ಅಂಕ ಮಾತ್ರ ಇಳಿಯುತ್ತಿರಲಿಲ್ಲ. ಯಾಕೆ ಅಂತ ನೋಡಲು ಒಂದು ದಿನ ನಾನೇ ಜೊತೆಗೆ ಲಿಫ್ಟ್ ಹತ್ತಿದೆ. ಟೀಚರ್ ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಮೊಬೈಲ್, ಅತ್ತ ಕಡೆ ಮಗ ಲೈನಿನಲ್ಲೇ ಇದ್ದ. ಕಣ್ಣು ಬಾಗಿಲು ತೆರೆಯುವ ಗುಂಡಿಯ ಮೇಲೆ. ಲಿಫ್ಟಿನಲ್ಲಿ ನಿಂತಿದ್ದರೂ ಮನಸ್ಸು ಹೊರಗೇ ಇತ್ತು. ಬಾಟಲಿ ಇದ್ದಿದ್ದಕ್ಕೆ, ಮಗ ಇದ್ದಿದ್ದಕ್ಕೆ ಪಾರಾದೆ ಅಂತ ಲೆಕ್ಕ ಬರೆದುಕೊಳ್ಳುತ್ತಿತ್ತು. ಮಾರನೇ ದಿನ ಬಾಟಲಿ ಬಿಟ್ಟರು. ಮೂರನೇ ದಿನ ಮೊಬೈಲ್ ಬಿಟ್ಟರು. ಮೊದಲಿಗೆ ಅಂಕ ಏರಿತು, ಆಮೇಲೆ ಇಳಿಯಿತು. ವಿಮಾನಗಳ ಆ್ಯಪ್ ತೆಗೆಯುವುದು ಇದಕ್ಕಿಂತ ಕಷ್ಟವಾಯಿತು. ಅದನ್ನು ಅಳಿಸಿದ ರಾತ್ರಿ ಮೂರು ಸಲ ಎದ್ದಿದ್ದರಂತೆ.

ರದ್ದು ಮಾಡಲು ಹೊರಟ ದಿನ

ಐದನೇ ವಾರ ಟಿವಿಯಲ್ಲಿ ಒಂದು ವಿಮಾನ ಅಪಘಾತದ ಸುದ್ದಿ ಬಂತು. ಟೀಚರ್ ರಾತ್ರಿಯಿಡೀ ನೋಡಿದರು. ಬೆಳಿಗ್ಗೆ ಆರಕ್ಕೆ ನನಗೆ ಫೋನ್: "ಟಿಕೆಟ್ ಕ್ಯಾನ್ಸಲ್ ಮಾಡಿಸ್ತೀನಿ ಮೇಡಂ. ಮಗಳಿಗೆ ನೀವೇ ಹೇಳಿ."

ಧೈರ್ಯ ಹೇಳುವ ಮಾತುಗಳೆಲ್ಲ ನನ್ನ ನಾಲಿಗೆ ತುದಿಗೆ ಬಂದಿದ್ದವು. ಆದರೆ ಈ ಹಿಂದೆ ಧೈರ್ಯ ಹೇಳಿದ್ದರಿಂದ ಏನಾಗಿತ್ತು ಅಂತ ನೋಡಿದ್ದೆ. ಹಾಗಾಗಿ ಒಂದೇ ಮಾತು ಕೇಳಿದೆ: "ಇವತ್ತೇ ಮಾಡಿಸಬೇಕಾ? ನಾಡಿದ್ದು ಮಾಡಿಸಿದರೆ ಏನಾದರೂ ನಷ್ಟ ಇದೆಯಾ?" ಇರಲಿಲ್ಲ. ತೀರ್ಮಾನವನ್ನು 48 ಗಂಟೆ ಮುಂದಕ್ಕೆ ಹಾಕೋಣ, ಅಲ್ಲಿವರೆಗೆ ಟಿವಿ ಬೇಡ, ಇವತ್ತಿನ ಮೆಟ್ಟಿಲು ಮಾತ್ರ ತಪ್ಪಿಸಬೇಡಿ ಅಂದೆ. ಅವತ್ತಿನ ಮೆಟ್ಟಿಲು ಸ್ಟೋರ್ ರೂಮ್. ಅಳುತ್ತಲೇ ಒಳಗೆ ಕೂತರಂತೆ. ನಲವತ್ತು ನಿಮಿಷ.

48 ಗಂಟೆ ಆದ ಮೇಲೆ ಅವರು ಟಿಕೆಟ್ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅವತ್ತು ಬಾಯಿ ಬಿಗಿಹಿಡಿದದ್ದು ಅಂತ ಈಗಲೂ ನಂಬಿದ್ದೇನೆ.

ಮಾತ್ರೆಯ ಪ್ರಶ್ನೆ

ಪರಿಚಯದವರೊಬ್ಬರು ಕೊಟ್ಟ ಒಂದು ಆತಂಕದ ಮಾತ್ರೆ ಅವರ ಪರ್ಸಿನಲ್ಲಿತ್ತು. ಮಾತ್ರೆ ಬೇಕು, ಬೇಡ ಅನ್ನುವುದು ನನ್ನ ಕೆಲಸವಲ್ಲ, ಮನೋವೈದ್ಯರ ಬಳಿ ಕಳಿಸಿದೆ. ಅವರು 1997ರ ಒಂದು ಅಧ್ಯಯನದ ವಿಷಯ ಹೇಳಿದರು. ವಿಮಾನಕ್ಕೆ ಹೆದರುವ ಮಹಿಳೆಯರನ್ನು ವಾರದ ಅಂತರದಲ್ಲಿ ಎರಡು ಸಲ ವಿಮಾನದಲ್ಲಿ ಕಳಿಸಿದ್ದರು. ಮೊದಲ ಸಲ ಕೆಲವರಿಗೆ ಆಲ್‌ಪ್ರಾಜೊಲಾಮ್ ಎಂಬ ಆತಂಕದ ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧಿ ಇಲ್ಲದ ಬರೀ ಮಾತ್ರೆ. ನಿಜವಾದ ಮಾತ್ರೆ ತಗೊಂಡವರಿಗೆ ಅವತ್ತು ಭಯ ಕಡಿಮೆ ಅನ್ನಿಸಿತು. ಎರಡನೇ ಸಲ ಮಾತ್ರೆ ಇಲ್ಲದೆ ಹೋದಾಗ ಗಾಬರಿ ಜಾಸ್ತಿಯಾದದ್ದೂ ಅವರಿಗೇ. ಜೊತೆಗೆ, 14 ಗಂಟೆ ಮಂಪರಿನಲ್ಲಿ ಅಲುಗಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು ಅಂತಲೂ ಹೇಳಿದರು. ಟೀಚರ್ ಮಾತ್ರೆ ಬೇಡ ಅಂದರು. ಇದು ಅವರೊಬ್ಬರ ವಿಷಯದಲ್ಲಿ, ವೈದ್ಯರ ಜೊತೆ ಕೂತು ಆದ ತೀರ್ಮಾನ. ಎಲ್ಲರಿಗೂ ಇದೇ ಸರಿ ಅಂತ ತಿಳಿಯಬೇಡಿ. ಬೇರೆಯವರು ಕೊಟ್ಟ ಮಾತ್ರೆ ನುಂಗಬೇಡಿ ಅನ್ನುವುದು ಮಾತ್ರ ಎಲ್ಲರಿಗೂ.

ಪರೀಕ್ಷಾ ಪ್ರಯಾಣ

ಏಳನೇ ವಾರ ಒಂದು ಗಂಟೆಯ ವಿಮಾನದಲ್ಲಿ ಹೋಗಿ, ಅದೇ ದಿನ ವಾಪಸ್ ಬರುವುದು ಅಂತ ಗೊತ್ತುಮಾಡಿದೆವು. ಹೋಗುವಾಗ ಮಗ ಪಕ್ಕದಲ್ಲಿ. ಬರುವಾಗ ಅವನು ಹತ್ತು ಸಾಲು ಹಿಂದೆ. ಭಯ ಕಡಿಮೆ ಮಾಡಿಕೊಳ್ಳುವ ಗುರಿ ಇರಲಿಲ್ಲ. ಕೂತಿರುವುದು, ಐದೈದು ನಿಮಿಷಕ್ಕೆ ಅಂಕ ಬರೆಯುವುದು, ಅಷ್ಟೇ ಗುರಿ.

ಬಾಗಿಲು ಹಾಕಿದರು. 90. ಐದು ನಿಮಿಷದ ನಂತರವೂ 90. ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಾ ಕೂತರು. ವಿಮಾನ ಓಡತೊಡಗಿದಾಗ 75. ಮೇಲೇರಿ ಒಂದೆರಡು ನಿಮಿಷದಲ್ಲಿ ಎಂಜಿನ್ ಸದ್ದು ತಟ್ಟನೆ ಇಳಿಯಿತು, ಕೆಳಕ್ಕೆ ಕುಸಿದ ಹಾಗಾಯಿತು. ಮಗನ ಮುಂಗೈಯನ್ನು ಉಗುರು ಊರುವಷ್ಟು ಗಟ್ಟಿ ಹಿಡಿದರು. ಆಗ ನೆನಪಾಯಿತಂತೆ: ನೆಲ ಬಿಡಲು ಬೇಕಾದಷ್ಟು ಶಕ್ತಿ ಆಮೇಲೆ ಬೇಡ, ಪೈಲಟ್‌ಗಳು ಎಂಜಿನ್ ಬಲವನ್ನು ಸ್ವಲ್ಪ ಇಳಿಸುತ್ತಾರೆ, ಏರುವ ವೇಗ ಬದಲಾದದ್ದನ್ನು ಒಳಕಿವಿ ಬೀಳುವುದು ಅಂತ ತಿಳಿಯುತ್ತದೆ. ಕೈ ಸಡಿಲವಾಯಿತು.

ನಾನು ದಂಡ ಅಂದುಕೊಂಡಿದ್ದ ಆ ಎರಡು ವಾರದ ಪಾಠ ಕೆಲಸಕ್ಕೆ ಬಂದದ್ದು ಇಲ್ಲಿ. "ಏನೂ ಆಗಲ್ಲ" ಅನ್ನುವ ಸಮಾಧಾನವಾಗಿ ಅಲ್ಲ, ಈಗ ಯಾವ ಸದ್ದು ಬಂತು, ಮುಂದೆ ಯಾವುದು ಬರುತ್ತದೆ ಅನ್ನುವ ನಕ್ಷೆಯಾಗಿ.

ವಾಪಸ್ ಬರುವಾಗ ಒಬ್ಬರೇ ಕೂತರು. ಬಾಗಿಲು 80, ಇಳಿಯುವಾಗ 35. ಬಲಗಡೆ ಕಾಲಂನಲ್ಲಿ: "ಕಿರುಚಲಿಲ್ಲ. ಪಕ್ಕದವರು ಪೂರ್ತಿ ನಿದ್ದೆ. ನನ್ನನ್ನು ಯಾರೂ ನೋಡಲಿಲ್ಲ."

14 ಗಂಟೆ

ದೊಡ್ಡ ಪ್ರಯಾಣದ ಬಾಗಿಲನ್ನು 70ರಲ್ಲಿ ದಾಟಿದರು. ರೆಕ್ಕೆಯ ಹತ್ತಿರ ಕುಲುಕಾಟ ಕಡಿಮೆ ಗೊತ್ತಾಗುತ್ತದೆ ಅಂತ ಅಲ್ಲೇ ಓಡಾಡುವ ದಾರಿಯ ಪಕ್ಕದ ಸೀಟು ತಗೊಂಡಿದ್ದರು. ಕುಲುಕಾಟ ಬಂತು, ಹೋಯಿತು. ತೊಂದರೆ ಬಂದದ್ದು ನಾವ್ಯಾರೂ ಯೋಚಿಸದೇ ಇದ್ದ ಕಡೆಯಿಂದ: ಶೌಚಾಲಯ.

ವಿಮಾನದೊಳಗೆ ಅದಕ್ಕಿಂತ ಚಿಕ್ಕ ಜಾಗ ಇಲ್ಲ. ಚಿಲಕ ಹಾಕಿದರೇ ದೀಪ ಪೂರ್ತಿ ಹತ್ತುವುದು. ಟೀಚರ್ ಒಮ್ಮೆ ಬಾಗಿಲು ತೆರೆದು ನೋಡಿ ವಾಪಸ್ ಬಂದರು. ಹೋಗುವ ಅಗತ್ಯವೇ ಬರದಿರಲಿ ಅಂತ ನೀರು ಕುಡಿಯುವುದನ್ನು ಬಿಟ್ಟರು. ಐದು ಗಂಟೆ ಒಂದು ಗುಟುಕೂ ಇಲ್ಲ. ವಿಮಾನದ ಗಾಳಿ ಮೊದಲೇ ಒಣ. ಬಾಯಿ ಒಣಗಿತು, ತಲೆ ಸಿಡಿಯತೊಡಗಿತು, ಎದೆಬಡಿತ ಏರಿತು. ಅಂಕ 85.

ಆಗ ಅವರು ಮಾಡಿದ್ದು ನಾನು ಹೇಳಿಕೊಟ್ಟದ್ದಲ್ಲ. ಎದ್ದು ಹಿಂದುಗಡೆ ಹೋಗಿ, ಅಲ್ಲಿ ನಿಂತಿದ್ದ ಗಗನಸಖಿಯ ಹತ್ತಿರ ಹೇಳಿದರು: "ನನಗೆ ಮುಚ್ಚಿದ ಬಾಗಿಲು ಅಂದರೆ ಭಯ. ಒಳಗೆ ಸಿಕ್ಕಿಕೊಂಡರೆ ಏನು ಮಾಡ್ತೀರಿ?" ಹನ್ನೊಂದು ವರ್ಷ ಗಂಡನಿಗೂ ಹೇಳದ ಮಾತನ್ನು ಗುರುತು ಪರಿಚಯ ಇಲ್ಲದ ಹುಡುಗಿಯ ಹತ್ತಿರ ಹೇಳಿದರು. ಅವಳು ನಗಲಿಲ್ಲ. ಬಾಗಿಲ ಹೊರಮೈಯಲ್ಲಿದ್ದ ಪುಟ್ಟ ಲೋಹದ ಪಟ್ಟಿಯನ್ನು ಎತ್ತಿ, ಅದರಡಿಯ ಗುಬುಟನ್ನು ಸರಿಸಿ, ಹೊರಗಿನಿಂದಲೇ ಚಿಲಕ ತೆಗೆದು ತೋರಿಸಿದಳು. "ನಾನು ಇಲ್ಲೇ ನಿಂತಿರ್ತೀನಿ ಆಂಟಿ" ಅಂದಳು. ಟೀಚರ್ ಒಳಗೆ ಹೋದರು. ಎರಡನೇ ಸಲ ಹೋಗುವಾಗ ಅವಳನ್ನು ಕರೆಯಲಿಲ್ಲ.

ಈ ಪ್ರಕರಣದಿಂದ ನಾನು ಬದಲಿಸಿಕೊಂಡದ್ದು

ವಿಮಾನದ ಭಯ ಅಂತ ಬಂದವರಿಗೆ ಈಗ ನಾನು ಮೊದಲ ದಿನವೇ ರೆಕ್ಕೆ, ಎಂಜಿನ್ ಮಾತಾಡುವುದಿಲ್ಲ. ಮನೆಯಿಂದ ಮನೆಯವರೆಗಿನ ಪ್ರಯಾಣವನ್ನು ಹೇಳಿಸುತ್ತೇನೆ, ಅವರು ಹಾರಿಸಿ ಮುಂದೆ ಹೋದ ಹೆಜ್ಜೆ ಯಾವುದು ಅಂತ ನೋಡುತ್ತೇನೆ. ಒಬ್ಬರಿಗೆ ಬಾಗಿಲು, ಇನ್ನೊಬ್ಬರಿಗೆ ಎತ್ತರ, ಮತ್ತೊಬ್ಬರಿಗೆ ನಿಜವಾಗಿಯೂ ಬೀಳುವುದು. ಹೆಸರು ಒಂದೇ ಆದರೂ ಮೆಟ್ಟಿಲುಗಳು ಬೇರೆ ಬೇರೆ.

ಶೌಚಾಲಯ ನನ್ನಿಂದ ತಪ್ಪಿಹೋದದ್ದು ಇನ್ನೂ ಚುಚ್ಚುತ್ತದೆ. ಕೇಳಿದ್ದರೆ ಒಂದು ನಿಮಿಷದ ಮಾತು. ಸ್ಟೋರ್ ರೂಮಿನ ಅಭ್ಯಾಸ ಇಲ್ಲದಿದ್ದರೆ ಮಿಕ್ಕ ಒಂಬತ್ತು ಗಂಟೆಯನ್ನೂ ಅವರು ನೀರಿಲ್ಲದೆ ಕಳೆಯುತ್ತಿದ್ದರೇನೋ. ಇಂಥ ಪ್ರಯಾಣಕ್ಕೆ ಸಿದ್ಧ ಮಾಡುವವರು ಊಟ, ನಿದ್ದೆ, ಶೌಚ ಮೂರನ್ನೂ ಬಿಡದೆ ಕೇಳಿ.

ಮನೆಯವರಿಗೂ ಒಂದು ಮಾತು. "ಏನೂ ಆಗಲ್ಲಮ್ಮ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಗ, ಕೊನೆಕೊನೆಗೆ "ಈಗ ಎಷ್ಟಮ್ಮ?" ಅಂತ ಅಂಕ ಕೇಳುವುದನ್ನು ಕಲಿತಿದ್ದ. ಅಮ್ಮ 80 ಅಂದರೆ "ಸರಿ" ಅಂದು ಪಕ್ಕದಲ್ಲಿ ಕೂರುತ್ತಿದ್ದ. ವಾದ ಮಾಡುತ್ತಿರಲಿಲ್ಲ. ಅವನು ಕಳಿಸಿದ ಎಲ್ಲ ವಿಡಿಯೋಗಳಿಗಿಂತ ಇದು ಹೆಚ್ಚು ಉಪಕಾರ ಮಾಡಿತು.

ಐದು ತಿಂಗಳ ನಂತರ ಟೀಚರ್ ವಾಪಸ್ ಬಂದರು, ಒಬ್ಬರೇ. ಭಯ ಸೊನ್ನೆಯಾಗಿಲ್ಲ. ಸೊನ್ನೆ ಮಾಡುತ್ತೇನೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟ ತೋರಿಸಿದರು. ಬಾಗಿಲು 45, ಮೇಲೇರುವಾಗ 30, ಶೌಚಾಲಯ 25. ಅದರ ಕೆಳಗೆ ಇನ್ನೂ ಆರೇಳು ಗಂಟೆಗಳ ಸಾಲು ಖಾಲಿ ಇತ್ತು. ಯಾಕೆ ಬರೆದಿಲ್ಲ ಅಂತ ಕೇಳಿದೆ.

"ಮಗು ಫೋಟೋ ನೋಡ್ತಾ ಕೂತಿದ್ದೆ ಮೇಡಂ. ಮರೆತೇ ಹೋಯ್ತು."